ಸ್ವೆಟರಿನ ಜೇಬಿನಲ್ಲಿ ಕಲ್ಲು

ಜನವರಿ 6, ಸೋಮವಾರ

ಕಲ್ಲುಹೊಳೆ ಎಸ್ಟೇಟಿನಲ್ಲಿ ಮೂವತ್ತನಾಲ್ಕು ವರ್ಷ ಆಳುಗಳ ಹಾಜರಿ, ತೂಕ ಬರೆಯುವ ರೈಟರ್ ಆಗಿದ್ದವನಿಗೆ ಅವರು ಈಗಲೂ ಮರೆಯದೆ ಕಳಿಸುವುದು ಹೊಸ ವರ್ಷದ ಈ ಡೈರಿ ಒಂದನ್ನೇ. ನಿವೃತ್ತಿಯ ನಂತರ ಬಂದ ಮೂರು ಡೈರಿ ಹಾಗೇ ಖಾಲಿ ಬಿದ್ದಿವೆ. ಇದನ್ನು ಯಾಕೆ ತೆರೆದೆ ಎಂದರೆ, ಹೇಳಿಕೊಳ್ಳಬೇಕಾದ್ದು ಇದೆ, ಕೇಳುವವರು ಇಲ್ಲ. ಸರೋಜ ತೀರಿಕೊಂಡು ಒಂದೂವರೆ ವರ್ಷವಾಗುತ್ತ ಬಂತು. ಹಗಲು ಹೊತ್ತು ಮನೆಯಲ್ಲಿ ನಾನು ಮತ್ತು ಮೊಮ್ಮಗಳು ಕೃತಿಕಾ. ಅವಳಿಗೆ ಎರಡು ವರ್ಷ ಮೂರು ತಿಂಗಳು. ಮಾತಾಡುವ ಜನದ ಲೆಕ್ಕಕ್ಕೆ ಇನ್ನೂ ಬರುವುದಿಲ್ಲ.

ಇನ್ ಶಾರ್ಟ್, ವಿಷಯ ಹೀಗಿದೆ. ಚಿಕ್ಕಮಗಳೂರಿನ ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರ್ ಒಬ್ಬರು ಇನ್ ಶಾರ್ಟ್ ಅಂತ ಹೇಳಿ ಮುಕ್ಕಾಲು ಗಂಟೆ ಮಾತಾಡುತ್ತಿದ್ದರು. ಬಿ.ಎ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ. ಬೇರೆಲ್ಲ ಮರೆಯಿತು, ಆ ರೋಗ ಒಂದು ಉಳಿಯಿತು.

ಮೊನ್ನೆ ಶನಿವಾರ ಅಂಗನವಾಡಿಯಲ್ಲಿ ಮಕ್ಕಳ ತೂಕವಿತ್ತು. ಕೃತಿಕಾ ಎಂಟು ಕೆಜಿ ಇನ್ನೂರು ಗ್ರಾಂ ಬಂದಳು. ಟೀಚರ್ ಪವಿತ್ರಾ ಮಗುವಿನ ತಾಯಿ ಕಾರ್ಡು ಬಿಡಿಸಿ ಅದರ ಬೆಳವಣಿಗೆಯ ಪಟದಲ್ಲಿ ಚುಕ್ಕೆ ಇಟ್ಟಳು. ಹಸಿರು, ಹಳದಿ, ಕೆಂಪು ಅಂತ ಮೂರು ಪಟ್ಟಿ. ಚುಕ್ಕೆ ಕೆಂಪಿನಲ್ಲಿ ಬಿತ್ತು. ಮುಂದಿನ ತಿಂಗಳೂ ಕೆಂಪಿನಲ್ಲೇ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಇರಿಸಬೇಕಂತೆ. ಬೆಳೆಯದ ಮಕ್ಕಳಿಗೆಂದೇ ಅಲ್ಲೊಂದು ವಾರ್ಡಿದೆ. ಈ ವಯಸ್ಸಿಗೆ ಒಂದು ಮಾತೂ ಬಂದಿಲ್ಲವಲ್ಲ, ಅದನ್ನೂ ನೋಡುತ್ತಾರೆ ಅಂದಳು.

ನನ್ನ ಕೆಲಸದಲ್ಲಿ ಕೆಂಪು ಶಾಯಿ ಅಂದರೆ ಗೈರು. ಅದನ್ನು ನಾನು ಬೇರೆಯವರ ಹೆಸರಿನ ಮುಂದೆ ಹಾಕುತ್ತಿದ್ದೆ.

ಮಗಳು ರೇವತಿ ಹೋಂಸ್ಟೇ ಒಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಳೆ. ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಏಳಕ್ಕೆ. ಅಳಿಯ ನಾಗೇಶ ಪ್ರವಾಸಿಗರನ್ನು ಗುಡ್ಡಕ್ಕೆ ಹತ್ತಿಸುವ ಜೀಪು ಓಡಿಸುತ್ತಾನೆ, ವಾರಕ್ಕೊಮ್ಮೆ ಬಂದರೆ ಬಂದ. ನಿನ್ನೆ ಬಂದಿದ್ದ. ಕಾರ್ಡನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡದೆ ರೇವತಿಗೆ ಹೇಳಿದ: "ಇನ್ನೊಂದ್ ತಿಂಗ್ಳು ನೋಡಾಣ. ಆಮೇಲೂ ಹಿಂಗೇ ಇದ್ರೆ ಬೇಲೂರಿಗೆ ಅಮ್ಮನ ಹತ್ರ ಬಿಟ್ ಬರ್ತೀನಿ. ಮಾವಂಗೂ ವಯಸ್ಸಾಯ್ತು."

ವಯಸ್ಸಾಯ್ತು ಅಂದರೆ ಏನರ್ಥ ಅಂತ ನನಗೆ ಗೊತ್ತು. ಎಸ್ಟೇಟಿನವರೂ ಅದನ್ನೇ ಹೇಳಿ ಶಾಲು ಹೊದಿಸಿದ್ದು. ಕೃತಿಕಾಳನ್ನೂ ಕರೆದುಕೊಂಡು ಹೋದರೆ ಈ ಮನೆಯಲ್ಲಿ ಹಗಲು ಹೊತ್ತು ಉಳಿಯುವುದು ಗಡಿಯಾರ ಒಂದು.

ನಾನು ನೋಡಿಕೊಳ್ಳುವುದರಲ್ಲಿ ಕೊರತೆ ಏನಿದೆ? ಎದ್ದ ಕೂಡಲೇ ಬೆಲ್ಲದ ಕರಿಕಾಫಿಯಲ್ಲಿ ಅದ್ದಿದ ರಸ್ಕು. ಹತ್ತು ಗಂಟೆಗೆ ಅರ್ಧ ಲೋಟ ಕಾಫಿ. ಮಧ್ಯಾಹ್ನ ಅನ್ನ, ತಿಳಿಸಾರು. ನಾಲ್ಕು ತುತ್ತಿಗೆ ಮುಖ ತಿರುಗಿಸುತ್ತಾಳೆ, ಬಲವಂತ ನನಗೆ ಸೇರದು. ನಾಲ್ಕಕ್ಕೆ ಮತ್ತೆ ಕಾಫಿ. ಈ ಗುಡ್ಡದಲ್ಲಿ ಹುಟ್ಟಿದವರೆಲ್ಲ ಕಾಫಿ ಕುಡಿದೇ ಬೆಳೆದದ್ದು. ಅಳುವುದಿಲ್ಲ, ಹಟವಿಲ್ಲ. ಜಗಲಿಯ ಮೇಲೆ ಕೂರಿಸಿ ಮೊಬೈಲು ಕೊಟ್ಟರೆ ಕೂತಲ್ಲೇ ಎರಡು ಗಂಟೆ. ಬಸ್‌ಸ್ಟಾಪಿನ ಅಂಗಡಿಯ ಹಾಲೇಶ್ ಅದನ್ನು ನೋಡಿ, ಇಂಥ ಮಗು ಸಿಗೋಕೆ ಪುಣ್ಯ ಮಾಡಿರಬೇಕು ಮಾರಾಯ ಅಂದಿದ್ದ. ಕಂಡಕ್ಟ್ ಸರ್ಟಿಫಿಕೇಟ್ ಕೇಳಿದರೆ ಕಣ್ಣು ಮುಚ್ಚಿ ಬರೆದುಕೊಡುತ್ತೇನೆ, ಗುಡ್.

ಅಂಗನವಾಡಿಯ ಹಿಟ್ಟಿನ ಪೊಟ್ಟಣವನ್ನು ಹಾಲೇಶನ ಹಸುವಿಗೆ ಹಾಕಿಸುತ್ತಿದ್ದೇನೆ. ರೈಟರ ಮನೆಗೆ ಅದೆಂತಕ್ಕೆ?

ಜನವರಿ 9, ಗುರುವಾರ

ಅಟ್ಟದಿಂದ ತಕ್ಕಡಿ ಇಳಿಸಿದೆ. ನಿವೃತ್ತಿಯ ದಿನ ಸಾಹುಕಾರರು ಏನು ಬೇಕು ಅಂತ ಕೇಳಿದಾಗ ನಾನು ಕೇಳಿ ತಂದದ್ದು ಇದು. ಕೊಕ್ಕೆಗೆ ಚೀಲ ನೇತುಹಾಕಿದರೆ ಮುಳ್ಳು ತೂಕ ತೋರಿಸುವ ಹಳೆಯ ಕಾಲದ್ದು. ಜಗಲಿಯ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿದೆ. ಕಾಫಿ ಹಣ್ಣು ಕೊಯ್ಯುವ ಚೀಲದ ಬಾಯಿ ಕೊಕ್ಕೆಗೆ ಸಿಕ್ಕಿಸಿ ಒಳಗೆ ಕೃತಿಕಾಳನ್ನು ಕೂರಿಸಿದೆ. ಚೀಲದಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಎಂಟು ಇನ್ನೂರು. ಅಂಗನವಾಡಿಯದ್ದು ಸುಳ್ಳಿರಬಹುದು ಅಂತ ಆಸೆಯಿತ್ತು.

ಈ ತಕ್ಕಡಿಯ ಮುಂದೆ ನಾನು ಎಷ್ಟು ಸಂಜೆ ನಿಂತಿದ್ದೇನೆ. ಕೊಯ್ಲಿನ ಕಾಲದಲ್ಲಿ ಹೆಂಗಸರು ಸಾಲಾಗಿ ಚೀಲ ತಂದು ಇಡುತ್ತಿದ್ದರು. ಚೀಲ ನೆಲಕ್ಕೆ ತಾಗುವ ಸದ್ದಿನಲ್ಲೇ ಒಳಗೆ ಹಣ್ಣು ಮಾತ್ರ ಇದೆಯೋ, ತೂಕಕ್ಕೆ ಕಲ್ಲು ಸೇರಿಸಿದ್ದಾರೋ ಹೇಳುತ್ತಿದ್ದೆ. ಮೇಸ್ತ್ರಿ ಲಿಂಗಪ್ಪನಿಗೂ ಆ ಕಿವಿ ಇರಲಿಲ್ಲ. ಒಮ್ಮೆ ಯಲ್ಲಮ್ಮ ಎಂಬವಳ ಚೀಲದಲ್ಲಿ ಎರಡು ಕಲ್ಲು ಸಿಕ್ಕಿದವು. ಎಲ್ಲರ ಮುಂದೆ ಅವಳ ಕೈಯಲ್ಲೇ ಚೀಲ ಸುರಿಸಿದೆ. ಬೆನ್ನಿಗೆ ಮಗು ಕಟ್ಟಿಕೊಂಡಿದ್ದಳು. ಬಗ್ಗಿ ಸುರಿಯುವಾಗ ಆ ಮಗು ನನ್ನನ್ನೇ ನೋಡುತ್ತಿತ್ತು. ಡ್ಯೂಟಿ ಈಸ್ ಡ್ಯೂಟಿ. ಬೆನ್ನ ಮೇಲಿನ ಆ ಮಗುವೇ ಈಗ ನಮ್ಮ ಅಂಗನವಾಡಿ ಟೀಚರ್ ಪವಿತ್ರಾ. ಅವಳಿಗೆ ನೆನಪಿರಲಿಕ್ಕಿಲ್ಲ.

ಜನವರಿ 15, ಬುಧವಾರ

ನಿನ್ನೆ ಸಂಕ್ರಾಂತಿ. ರೇವತಿ ಎಳ್ಳುಬೆಲ್ಲ ಬೆರೆಸಿಟ್ಟು ಕೆಲಸಕ್ಕೆ ಹೋಗಿದ್ದಳು. ಕೃತಿಕಾ ಒಂದು ಕೊಬ್ಬರಿ ಚೂರು ಬಾಯಿಗಿಟ್ಟು ಉಗಿದಳು. ಸ್ವಲ್ಪ ಹೊತ್ತಿಗೆ ನೋಡಿದರೆ ಹಿತ್ತಿಲ ಗೋಡೆಯ ಮಣ್ಣು ಕೆರೆದು ನೆಕ್ಕುತ್ತಿದ್ದಾಳೆ. ಕೈ ತೊಳೆದು ತಂದು ಕೂರಿಸಿದೆ. ಬೈಯಲಿಲ್ಲ. ಬೈಯಲಿಕ್ಕೂ ಬಾಯಿ ತೆರೆಯಬೇಕಲ್ಲ, ನನಗೆ ಆ ಅಭ್ಯಾಸವೇ ಹೋಗಿದೆ.

ಮೂವತ್ತನಾಲ್ಕು ವರ್ಷ ಬೆಳಿಗ್ಗೆ ಏಳೂವರೆಗೆ ಮಸ್ಟರ್ ಕೂಗಿದ ಗಂಟಲು ಇದು. ಹೆಸರು ಕರೆಯುವುದು, ಬಂದೆ ಅನ್ನುವುದು, ಟಿಕ್ ಹಾಕುವುದು. ಉತ್ತರ ಬರದಿದ್ದರೆ ಇನ್ನೊಂದು ಸಲ ಕರೆಯಬೇಕು, ಅದಕ್ಕೂ ಬರದಿದ್ದರೆ ಕೆಂಪು ಶಾಯಿ. ಮೂರನೆಯ ಸಲ ಕರೆಯುವ ಪದ್ಧತಿಯಿಲ್ಲ. ಈಗಲೂ ಏಳೂವರೆಗೆ ಗಂಟಲು ತಾನಾಗಿ ಸಿದ್ಧವಾಗುತ್ತದೆ. ಕರೆಯಲು ಹೆಸರಿಲ್ಲ.

ಸರೋಜ ಇದ್ದಾಗ ಈ ಮಗುವಿನ ಹತ್ತಿರ ಬೆಳಗಿನಿಂದ ಮಾತಿಗಿಳಿಯುತ್ತಿದ್ದಳು. ಸೊಪ್ಪು ಬಿಡಿಸುತ್ತ, ಬಟ್ಟೆ ಒಗೆಯುತ್ತ, ಅದಕ್ಕೆ ಅರ್ಥವಾಗುತ್ತದೋ ಇಲ್ಲವೋ ನೋಡದೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಒಂದು ವರ್ಷ ತುಂಬುವ ಮೊದಲೇ "ಜ್ಜೀ" ಅನ್ನುತ್ತಿತ್ತು. ಸರೋಜ ಹೋದ ಮೇಲೆ ಕರೆಯಲು ಅಜ್ಜಿ ಇಲ್ಲ, ಆ ಒಂದು ಮಾತೂ ನಿಂತಿತು.

ಇವತ್ತು ಎಂಟು ನೂರು. ಇಳಿದಿದೆ. ಶಕ್ತಿ ಬರಲಿ ಅಂತ ಕಾಫಿಗೆ ಬೆಲ್ಲ ಜಾಸ್ತಿ ಹಾಕಿದೆ. ಹನ್ನೆರಡಕ್ಕೆ ಇನ್ನೊಂದು ಅರ್ಧ ಲೋಟ ಕೊಟ್ಟೆ.

ಜನವರಿ 28, ಮಂಗಳವಾರ

ಇನ್ನು ನಾಲ್ಕು ದಿನ. ಎಂಟು ಇನ್ನೂರು, ಎಂಟು ನೂರು, ಎಂಟು ಇನ್ನೂರು. ಮುಳ್ಳು ಅಲ್ಲೇ ತೂಗಾಡುತ್ತಿದೆ. ದಿನಕ್ಕೆ ಮೂರು ಸಲ ಚೀಲಕ್ಕೆ ಇಳಿಸುತ್ತೇನೆ. ಈಗ ಚೀಲ ಕೈಗೆತ್ತಿಕೊಂಡರೆ ಸಾಕು, ತಾನೇ ಎರಡು ಕೈ ಎತ್ತಿ ನಿಲ್ಲುತ್ತಾಳೆ.

ಸಂಜೆ ಹೊಳೆಯ ಹತ್ತಿರ ಎತ್ತಿಕೊಂಡು ಹೋಗಿದ್ದೆ. ನೀರು ಇಳಿದಿದೆ. ನುಣುಪಾದ ನಾಲ್ಕು ಕಲ್ಲು ಆರಿಸಿಕೊಂಡಳು, ಮನೆಗೆ ತಂದೆವು. ಜಗಲಿಯ ಮೇಲೆ ಅದನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಳು, ಕೆಡಿಸಿದಳು, ಮತ್ತೆ ಹಾಗೇ ಇಟ್ಟಳು. ಆಟ.

ನಾಗೇಶ ಫೋನು ಮಾಡಿ ಶನಿವಾರದ ತೂಕ ಎಷ್ಟು ಬಂತು ಅಂತ ತಕ್ಷಣ ಹೇಳಬೇಕು ಅಂದ. ಹ್ಞೂಂ ಅಂದೆ. ಇಡೀ ದಿನ ನಾನು ಆಡಿದ ಮಾತು ಅದೊಂದೇ ಇರಬೇಕು.

ಫೆಬ್ರವರಿ 1, ಶನಿವಾರ

ಹಳದಿ.

ಎಂಟು ಏಳುನೂರು.

ಫೆಬ್ರವರಿ 2, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಡೈರಿ ಯಾಕೆ.

ನಿನ್ನೆ ಹೊರಡುವ ಮೊದಲು ಮಗುವಿಗೆ ನೀರು ಕುಡಿಸಲಾಯಿತು. ಆಮೇಲೆ ಕಾಫಿ ಕುಡಿಸಲಾಯಿತು. ಸರೋಜ ಹೆಣೆದ ದಪ್ಪ ಸ್ವೆಟರು ತೊಡಿಸಲಾಯಿತು. ಸ್ವೆಟರಿನ ಎರಡೂ ಜೇಬಿನಲ್ಲಿ ಎರಡೆರಡು ಹೊಳೆಕಲ್ಲು ಇಡಲಾಯಿತು. ಪ್ಯಾಸಿವ್ ವಾಯ್ಸ್ ಅಂತ ಕಾಲೇಜಿನಲ್ಲಿ ಕಲಿಸಿದ್ದರು. ಕೆಲಸ ಆಗುತ್ತದೆ, ಮಾಡಿದವನು ಕಾಣುವುದಿಲ್ಲ. ಅದರ ಉಪಯೋಗ ಇಷ್ಟು ವರ್ಷದ ಮೇಲೆ ತಿಳಿಯಿತು.

ಚಳಿ, ಮಗು ಜ್ವರದಿಂದ ಎದ್ದಿದೆ, ಸ್ವೆಟರು ಬಿಚ್ಚುವುದು ಬೇಡ ಅಂತ ಸುಳ್ಳು ಹೇಳಿದೆ. ಪವಿತ್ರಾ ಒಂದು ಕ್ಷಣ ನೋಡಿದಳು. ಹಿಂದೆ ಹನ್ನೊಂದು ಮಕ್ಕಳು ಅಳುತ್ತಿದ್ದವು, ಕೈಯಲ್ಲಿನ ಮೊಬೈಲಿನಲ್ಲಿ ಸಿಗ್ನಲ್ ಇಲ್ಲದೆ ಚಕ್ರ ತಿರುಗುತ್ತಿತ್ತು. ತೂಕ ಬರೆದುಕೊಂಡಳು. ಚುಕ್ಕೆ ಹಳದಿಯಲ್ಲಿ, ಗೆರೆಗೆ ತಾಗಿ ಕೂತಿತು.

ರೇವತಿ ಕಾರ್ಡು ನೋಡಿ ಅಲ್ಲೇ ಕೂತುಬಿಟ್ಟಳು. ಆಮೇಲೆ ಎದ್ದು ನನಗೆ ಇಷ್ಟ ಅಂತ ಅಕ್ಕಿರೊಟ್ಟಿ ತಟ್ಟಿದಳು. ನಾಗೇಶ ಫೋನಿನಲ್ಲಿ, ಹೆಂಗೋ ಬಚಾವಾಯ್ತಲ್ಲ ಮಾವ ಅಂದ. ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮನೆಗೆ ಬಂದು ಜೇಬಿನಿಂದ ಕಲ್ಲು ತೆಗೆಯುವಾಗ ಕೃತಿಕಾ ನನ್ನ ಕೈಯನ್ನೇ ನೋಡುತ್ತಿದ್ದಳು. ಯಲ್ಲಮ್ಮನ ಬೆನ್ನ ಮೇಲಿನ ಮಗುವೂ ಹಾಗೇ ನೋಡಿತ್ತು.

ಫೆಬ್ರವರಿ 10, ಸೋಮವಾರ

ಮೂರು ದಿನದಿಂದ ಮಗು ಮಂಕಾಗಿದೆ. ಹಗಲೂ ನಿದ್ದೆ. ಎಬ್ಬಿಸಿದರೆ ಕಣ್ಣು ಬಿಡುತ್ತಾಳೆ, ಮತ್ತೆ ಮುಚ್ಚುತ್ತಾಳೆ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗೆ ಬಿಳಿ. ಇಷ್ಟು ಹೊತ್ತಿಗೆ ಆಸ್ಪತ್ರೆಯಲ್ಲಿ ಇರಬೇಕಾಗಿತ್ತು. ಕೆಂಪಿನಲ್ಲಿದ್ದರೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಹಳದಿಯವರನ್ನು ಯಾರೂ ಕರೆಯುವುದಿಲ್ಲ.

ಪವಿತ್ರಾಳಿಗೆ ಫೋನು ಮಾಡಲು ನಂಬರು ಒತ್ತಿದೆ, ರಿಂಗ್ ಆಗುವ ಮೊದಲೇ ಕಡಿದೆ. ಎರಡು ಸಲ.

ತೂಕ ನೋಡಲಿಲ್ಲ. ನೋಡಲು ಧೈರ್ಯವಿಲ್ಲ.

ಫೆಬ್ರವರಿ 13, ಗುರುವಾರ

ಪವಿತ್ರಾ ಬಂದಿದ್ದಳು. ಕೆಂಪಿನಿಂದ ಹೊರಬಂದ ಮಕ್ಕಳ ಮನೆಗೂ ಒಮ್ಮೆ ಹೋಗಿ ನೋಡಬೇಕಂತೆ. ಕಾಫಿ ಕೊಡಲೇ ಅಂದೆ, ಬೇಡ ಅಂದಳು. ಜಗಲಿಯ ತೊಲೆಯಲ್ಲಿ ತಕ್ಕಡಿ ನೇತಾಡುವುದನ್ನು ಕಂಡಳು. ಚಿಕ್ಕವಳಿದ್ದಾಗ ಇದರ ಕೆಳಗೇ ಆಡುತ್ತಿದ್ದೆವು ಅಂತ ಮುಟ್ಟಿ ನೋಡಿದಳು. ಆಮೇಲೆ, ತಕ್ಕಡಿ ಇಲ್ಲೇ ಇದೆಯಲ್ಲ, ಒಮ್ಮೆ ತೂಗೋಣ ಅಂತ ಚೀಲ ಕೈಗೆತ್ತಿಕೊಂಡಳು.

ಕೃತಿಕಾ ಚಾಪೆಯಿಂದ ಎದ್ದಳು. ನಡೆಯುವಾಗ ಕಾಲು ಅದುರುತ್ತಿತ್ತು. ಗೋಡೆ ಹಿಡಿದುಕೊಂಡು ಮೂಲೆಗೆ ಹೋದಳು. ಗೂಟದಲ್ಲಿದ್ದ ಸ್ವೆಟರನ್ನು ಎಳೆದು ಕೆಡವಿದಳು. ಅಲ್ಲೇ ಸಾಲಾಗಿಟ್ಟಿದ್ದ ಹೊಳೆಕಲ್ಲನ್ನು ಒಂದೊಂದಾಗಿ ಎತ್ತಿ ಜೇಬಿಗೆ ತುರುಕಿದಳು. ಈ ಜೇಬಿಗೆ ಎರಡು, ಆ ಜೇಬಿಗೆ ಎರಡು. ಸ್ವೆಟರನ್ನು ಎಳೆದುಕೊಂಡು ತಂದು ಪವಿತ್ರಾಳ ಕಾಲ ಹತ್ತಿರ ಇಟ್ಟು, ತೊಡಿಸು ಅನ್ನುವ ಹಾಗೆ ಎರಡೂ ಕೈ ಎತ್ತಿ ನಿಂತಳು.

ಪವಿತ್ರಾ ಸ್ವೆಟರನ್ನು ಕೈಗೆತ್ತಿಕೊಂಡಳು. ಕೂತು, ಜೇಬಿನಿಂದ ಕಲ್ಲು ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಇದನ್ನ ನೀವ್ ಹೇಳ್ಕೊಟ್ರಾ ರೈಟ್ರೇ?"

ಇಲ್ಲ ಅಂದೆ.

"ಎಷ್ಟ್ ಸಲ ಮಾಡಿದ್ರಿ?"

ಒಂದೇ ಸಲ ಅಂದೆ.

"ಒಂದ್ ಸಲ ನೋಡಿ ಕಲ್ತಿದಾಳೆ." ಕೃತಿಕಾಳ ಕೂದಲನ್ನು ಹಿಂದಕ್ಕೆ ಸವರಿದಳು. "ತಲೆ ಚುರುಕಾಗಿದೆ, ಅದೇನೂ ಕಮ್ಮಿ ಇಲ್ಲ. ಹೊಟ್ಟೆಗೆ ಬೀಳ್ತಿಲ್ಲ. ಕಲಿಯೋಕೆ ಎದುರಿಗೆ ಎಂತದೂ ಸಿಗ್ತಿಲ್ಲ. ಸಿಕ್ಕಿದ್ದನ್ನ ಕಲ್ತಿದೆ ಕೂಸು."

ಚೀಲಕ್ಕಿಳಿಸಿ ತೂಗಿದಳು, ಎಂಟು ಕೆಜಿ ಸರಿಯಾಗಿ. ಆಮೇಲೆ ಮೂರು ಬಣ್ಣದ ಕಾಗದದ ಪಟ್ಟಿ ತೆಗೆದು ಅವಳ ತೋಳಿಗೆ ಸುತ್ತಿ ದಪ್ಪ ಅಳೆದಳು. ಕೆಂಪು. ತಕ್ಕಡಿಗಾದರೆ ಕಲ್ಲು ಸೇರಿಸಬಹುದು. ತೋಳಿಗೆ ಏನು ಸೇರಿಸುವುದು?

ಏನೇನು ತಿನ್ನಿಸುತ್ತೀರಿ ಅಂತ ಕೇಳಿದಳು. ಹೇಳಿದೆ. ಕಾಫಿಯ ಲೆಕ್ಕ ಕೊಡುವಾಗ ಅವಳು ನನ್ನನ್ನು ತಡೆದು ಮತ್ತೆ ಮೊದಲಿನಿಂದ ಹೇಳಿಸಿದಳು. ದಿನಕ್ಕೆ ನಾಲ್ಕು ಸಲ. ಕಾಫಿ ಹಸಿವು ಕೊಲ್ಲುತ್ತದೆ, ತಿಂದದ್ದರಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ಮಾಡುತ್ತದೆ, ಮಣ್ಣು ತಿನ್ನುವುದು ರಕ್ತ ಇಲ್ಲದ್ದಕ್ಕೆ ಅಂದಳು. ಮಗು ಅಳುವುದಿಲ್ಲ, ಹಟ ಮಾಡುವುದಿಲ್ಲ ಅಂತ ನಾನು ಹೇಳಿದೆ. ಅಳೋದಕ್ಕೂ ಶಕ್ತಿ ಬೇಕು ಅಂದಳು.

"ನಮ್ಮವ್ವನೂ ಕಾಫಿ ಕೊಟ್ಟಿದ್ಲು, ತೋಟದಲ್ಲಿ. ಹಸಿದು ಅಳಬಾರ್ದು ಅಂತ. ಮನೇಲಿ ಅನ್ನ ಇರ್ಲಿಲ್ಲ ರೈಟ್ರೇ. ನಿಮ್ಮನೇಲಿ ಇತ್ತಲ್ಲ."

ಮಗುವಿನ ಹತ್ತಿರ ಮಾತಾಡುತ್ತೀರಾ ಅಂತ ಕೇಳಿದಳು. ಅದರ ಹತ್ತಿರ ಎಂತ ಮಾತು ಅಂದೆ. ಆಸ್ಪತ್ರೆಗೆ ಚೀಟಿ ಬರೆದಳು, ಶನಿವಾರವೇ ಸೇರಿಸಬೇಕು. ಮೆಟ್ಟಿಲಿಳಿಯುವಾಗ ತಿರುಗಿ ಒಂದು ಮಾತು ಹೇಳಿದಳು.

"ಇದನ್ನ ನಾನ್ ಎಲ್ರ ಮುಂದೆ ಸುರಿಯಲ್ಲ. ರೇವತಿಗೆ ನೀವೇ ಹೇಳಿ."

ಅವಳಿಗೆ ನೆನಪಿದೆ. ಅಥವಾ ಅವಳ ಅವ್ವ ಹೇಳಿದ್ದಾಳೆ.

ಫೆಬ್ರವರಿ 14, ಶುಕ್ರವಾರ

ಬೆಳಿಗ್ಗೆ ಐದೂವರೆಗೆ ರೇವತಿ ಹೊರಡುವ ಮೊದಲು ಹೇಳಿದೆ. ನಾನೇ ಇಟ್ಟೆ ಅಂದೆ. ಆಕ್ಟಿವ್ ವಾಯ್ಸ್.

ಕೂಗಾಡುತ್ತಾಳೆ ಅಂತ ಕಾದೆ. ಹೆಗಲ ಬ್ಯಾಗು ಇಳಿಸಿ ಹೊಸ್ತಿಲ ಮೇಲೆ ಕೂತಳು.

"ನಂಗೂ ಗೊತ್ತಾಗ್ತಿತ್ತಪ್ಪ. ದಿನಾ ಬಂದು ಎತ್ಕೊಂಡಾಗ ಕೈಗೆ ಹಗುರ ಅನ್ನಿಸ್ತಿತ್ತು. ಕಾರ್ಡು ಹಳದಿ ಅಂತು, ನಾನು ಕೈನ ಬಿಟ್ಟು ಕಾರ್ಡನ್ನ ನಂಬ್ದೆ."

ನಾಗೇಶನಿಗೆ ನಾನೇ ಫೋನು ಮಾಡಿದೆ. ಕೇಳಿಸಿಕೊಂಡ. ಫೋನು ಇಟ್ಟ.

ಕಾಫಿಪುಡಿ ಡಬ್ಬವನ್ನು ಹಾಲೇಶನ ಅಂಗಡಿಗೆ ಕೊಟ್ಟು ಬಂದೆ. ಈ ತಿಂಗಳು ಬಂದ ಹಿಟ್ಟಿನ ಪೊಟ್ಟಣ ಅವನ ಕೊಟ್ಟಿಗೆಯಲ್ಲಿ ಒಡೆಯದೆ ಹಾಗೇ ಇತ್ತು. ಕೇಳಿ ವಾಪಸು ತಂದೆ. ಇದೆಂತ ಹೊಸ ಆಟ ಮಾರಾಯ ಅಂದ. ಹಸುವಿನ ಊಟ ಕಿತ್ತುಕೊಂಡು ಬರುವಾಗ ಅದು ನನ್ನನ್ನು ನೋಡಿದ ರೀತಿ ಇವತ್ತು ನನಗೆ ಸರಿ ಅನ್ನಿಸಿತು.

ಫೆಬ್ರವರಿ 16, ಭಾನುವಾರ

ತಾಲ್ಲೂಕು ಆಸ್ಪತ್ರೆ. ಆರು ಮಂಚದ ವಾರ್ಡು. ರಾತ್ರಿ ತಾಯಂದಿರು ಮಾತ್ರ ಇರಬೇಕು. ರೇವತಿ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಾಳೆ, ಬೆಳಿಗ್ಗೆ ನಾನು ಬರುತ್ತೇನೆ.

ಎರಡು ಗಂಟೆಗೊಮ್ಮೆ ಅಳತೆ ಮಾಡಿದ ಹಾಲಿನ ಆಹಾರ ಚಮಚದಲ್ಲಿ ಕುಡಿಸಬೇಕು. ಮೊದಲ ಸಲ ಅರ್ಧ ಗಂಟೆ ಹಿಡಿಯಿತು, ಆರು ಚಮಚ ಹೋಯಿತು, ಅದರಲ್ಲಿ ನಾಲ್ಕು ನನ್ನ ಪಂಚೆಗೆ. ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಾಳೆ. ನರ್ಸು ಬಂದು, ಗೋಡೆಗೆ ತಿನ್ನಿಸಿದ ಹಾಗೆ ತಿನ್ನಿಸಬೇಡಿ ಅಜ್ಜಾ, ಮಾತಾಡ್ತಾ ತಿನ್ನಿಸಿ ಅಂದಳು. ಪಕ್ಕದ ಮಂಚದ ತಾಯಿಗೆ ಹದಿನೆಂಟೋ ಹತ್ತೊಂಬತ್ತೋ. ಚಮಚಕ್ಕೊಂದು ಕಥೆ ಕಟ್ಟುತ್ತಿದ್ದಾಳೆ, ಕಾಗೆಯದ್ದು, ಬಸ್ಸಿನದ್ದು. ಬಿ.ಎ. ಎರಡನೇ ವರ್ಷದವನ ಬಾಯಲ್ಲಿ ಒಂದು ವಾಕ್ಯ ಹುಟ್ಟಲಿಲ್ಲ.

ಡಾಕ್ಟರು ಕಿವಿ ಪರೀಕ್ಷೆ ಮಾಡಿದರು. ಚೆನ್ನಾಗಿ ಕೇಳಿಸುತ್ತದೆ. ಹಾಗಾದರೆ ಇಷ್ಟು ದಿನ ಏನು ಕೇಳಿಸಿತು ಅವಳಿಗೆ? ಗಡಿಯಾರ.

ಫೆಬ್ರವರಿ 18, ಮಂಗಳವಾರ

ಏಳೂವರೆಯ ಚಮಚ. ಬಾಯಿ ಬಿಡಲಿಲ್ಲ. ನನಗೆ ಬೇರೆ ಏನೂ ಬರುವುದಿಲ್ಲ, ಮಸ್ಟರ್ ಕೂಗಿದೆ. ಮೆಲ್ಲಗೆ, ವಾರ್ಡಿನಲ್ಲಿ ಬೇರೆ ಮಕ್ಕಳಿದ್ದಾವೆ. ಲಿಂಗಪ್ಪ ಅಂತ ಕರೆದು, ಲಿಂಗಪ್ಪನ ದಪ್ಪ ದನಿಯಲ್ಲಿ ನಾನೇ ಬಂದೆ ಅಂದೆ. ಸಿದ್ದಮ್ಮ ಅಂತ ಕರೆದು ಅವಳ ಮೂಗಿನ ದನಿಯಲ್ಲಿ ರಾಗ ಎಳೆದೆ. ಗುರುವಯ್ಯ ಯಾವತ್ತೂ ತಡ, ಎರಡನೆಯ ಸಲಕ್ಕೆ ಏದುಸಿರು ಬಿಡುತ್ತ ಬಂದ. ಕೃತಿಕಾ ನನ್ನ ಬಾಯಿ ನೋಡುತ್ತ ತನ್ನ ಬಾಯಿ ತೆರೆದಳು. ಚಮಚ ಒಳಗೆ ಹೋಯಿತು.

ಹನ್ನೆರಡು ಚಮಚ, ಹನ್ನೆರಡು ಆಳು.

ಫೆಬ್ರವರಿ 21, ಶುಕ್ರವಾರ

ಎಂಟು ನಾನೂರು. ಕಲ್ಲಿಲ್ಲದೆ.

ಯಲ್ಲಮ್ಮನ ಹೆಸರು ಬಂದಾಗ ನನಗೆ ಅವಳ ದನಿ ನೆನಪಾಗಲಿಲ್ಲ. ಅವಳು ಮಸ್ಟರಿಗೆ ತಲೆ ಮಾತ್ರ ಆಡಿಸುತ್ತಿದ್ದಳು. ಕಲ್ಲಿನ ವರ್ಷದ ನಂತರ ಇರಬೇಕು.

ಫೆಬ್ರವರಿ 25, ಮಂಗಳವಾರ

ಇವತ್ತು ಅತ್ತಳು. ಹಸಿವಿಗೆ. ಹತ್ತು ನಿಮಿಷ ತಡವಾಗಿತ್ತು, ವಾರ್ಡೇ ಕಿತ್ತುಹೋಗುವ ಹಾಗೆ ಅತ್ತಳು. ಪಕ್ಕದ ಮಂಚದ ಹುಡುಗಿ ನಕ್ಕಳು. ನನಗೂ ನಗು ಬಂತು.

ಬರೆಯಲು ಹೊತ್ತಿಲ್ಲ. ಮಸ್ಟರ್ ಕೂಗಿ ಕೂಗಿ ಗಂಟಲು ಕಟ್ಟಿದೆ.

ಮಾರ್ಚ್ 1, ಶನಿವಾರ

ಒಂಬತ್ತು ಕೆಜಿ. ಮನೆಗೆ ಕಳಿಸಿದರು. ಮಾತು ಇನ್ನೂ ಇಲ್ಲ. ಡಾಕ್ಟರು, ನಿಲ್ಲಿಸದೆ ಮಾತಾಡಿ, ಯಾವಾಗ ಅಂತ ಹೇಳಲು ಬರುವುದಿಲ್ಲ ಅಂದರು.

ನಾಗೇಶ ಜೀಪಿನಲ್ಲಿ ಕರೆತಂದ. ಬಣಕಲ್ ದಾಟಿದ ಮೇಲೆ ರಸ್ತೆ ನೋಡುತ್ತಲೇ ಹೇಳಿದ, ಮುಂದಿನ ಭಾನುವಾರ ಬೇಲೂರಿಗೆ ಬಿಡ್ತೀನಿ, ಅಮ್ಮಂಗೆ ಹೇಳಿಯಾಯ್ತು. ರೇವತಿ ಹಿಂದಿನ ಸೀಟಿನಿಂದ ಏನೋ ಹೇಳಲು ಹೋದಳು. ನಾನು ಸರಿ ಅಂದೆ. ತೂಕದಲ್ಲಿ ಮೋಸ ಮಾಡಿದವನನ್ನು ನಾನು ಮರುದಿನ ತೋಟಕ್ಕೆ ಸೇರಿಸುತ್ತಿರಲಿಲ್ಲ.

ಮಾರ್ಚ್ 5, ಬುಧವಾರ

ಗಂಜಿ, ಮೊಟ್ಟೆ, ಹೆಸರುಬೇಳೆ, ಬಾಳೆಹಣ್ಣು. ಅಂಗನವಾಡಿಯ ಹಿಟ್ಟಿನ ಉಂಡೆ ಕಟ್ಟಲು ಪವಿತ್ರಾ ಬಂದು ತೋರಿಸಿದಳು. ನನ್ನ ಉಂಡೆ ಒಡೆಯುತ್ತದೆ, ಆದರೂ ಕೃತಿಕಾ ತಿನ್ನುತ್ತಾಳೆ.

ಏಳೂವರೆಯ ಮಸ್ಟರ್ ಮನೆಯಲ್ಲೂ ನಡೆಯುತ್ತಿದೆ, ಟಿಕ್ ಹಾಕಲು ಖಾಲಿ ಡೈರಿ ಒಂದನ್ನು ಅವಳಿಗೆ ಕೊಟ್ಟಿದ್ದೇನೆ. ಎಲ್ಲಿ ಹೋದರೂ ಕಂಕುಳಲ್ಲಿ. ಅವಳ ಬಟ್ಟೆ ಬ್ಯಾಗಿಗೆ ತುಂಬಿಸಿದೆ. ಸ್ವೆಟರೂ ಇಟ್ಟೆ, ಜೇಬು ನೋಡಿ.

ಮಾರ್ಚ್ 9, ಭಾನುವಾರ

ರೇವತಿ ರಜೆ ಹಾಕಿದ್ದಳು. ಏಳು ಗಂಟೆಗೇ ಜೀಪು ಬಂತು. ಬ್ಯಾಗು ಜಗಲಿಯ ಮೇಲಿತ್ತು. ನಾಗೇಶ ಅದನ್ನು ಎತ್ತಿಕೊಂಡ. ಕೃತಿಕಾ ಮೆಟ್ಟಿಲ ಮೇಲೆ ನಿಂತು ಡೈರಿಯನ್ನು ತಲೆಕೆಳಗಾಗಿ ತೆರೆದಿದ್ದಳು, ಬೆರಳು ಹಾಳೆಯ ಮೇಲೆ. ನಾನು ಅಡುಗೆಮನೆಯಲ್ಲಿ ದಾರಿಗೆ ಅಂತ ಮೊಟ್ಟೆ ಕಟ್ಟುತ್ತಿದ್ದೆ.

"ಅಮ್ಮ."

ನನ್ನ ಕೈ ನಿಂತಿತು. ರೇವತಿ ಹಿತ್ತಿಲಿಂದ, ತೊಳೆಯುತ್ತಿದ್ದ ಸೌಟು ಹಿಡಿದುಕೊಂಡೇ ಓಡಿಬಂದಳು.

"ಅಮ್ಮ." ಎರಡನೆಯ ಸಲ. ಬೆರಳು ಹಾಳೆ ಬಿಟ್ಟು ಕದಲಿಲ್ಲ.

"ಬಂದೆ ಅನ್ನು" ಅಂತ ರೇವತಿಗೆ ಒಳಗಿಂದಲೇ ಹೇಳಿದೆ. ಬಂದೆ ಅಂದಳು, ಅಳುತ್ತ. ಕೃತಿಕಾ ಬೆರಳಿನಲ್ಲಿ ಒಂದು ಗೆರೆ ಎಳೆದಳು.

"ಅಪ್ಪ."

ನಾಗೇಶ ಬ್ಯಾಗು ಹಿಡಿದು ನಿಂತಿದ್ದ. ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. "ಬಂದೆ" ಅಂದ.

"ಅಜ್ಜ."

ಮೂವತ್ತನಾಲ್ಕು ವರ್ಷ ಕರೆದವನು ನಾನು, ಒಂದು ದಿನವೂ ಉತ್ತರ ಕೊಡುವ ಸಾಲಿನಲ್ಲಿ ನಿಂತವನಲ್ಲ. ಮೊಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದೆ. ಅವಳು ನನ್ನನ್ನು ನೋಡಿದಳು, ಆದರೆ ಕಂಡದ್ದಕ್ಕೆ ಟಿಕ್ ಹಾಕುವುದಿಲ್ಲ, ಬಾಯಲ್ಲಿ ಹೇಳಬೇಕು. ಹಾಗಂತ ನಾನೇ ಕಲಿಸಿದ್ದು.

"ಅಜ್ಜ."

"ಬಂದೆ" ಅಂದೆ.

ಗೆರೆ ಎಳೆದಳು. ಡೈರಿ ಮುಚ್ಚಿದಳು.

ನಾಗೇಶ ಬ್ಯಾಗನ್ನು ತಂದು ಒಳಗೆ ಗೋಡೆಗೆ ಒರಗಿಸಿಟ್ಟ. ಫೋನು ತೆಗೆದು ಅಂಗಳಕ್ಕೆ ಹೋಗಿ ಅವನ ಅಮ್ಮನ ಹತ್ತಿರ ಮಾತಾಡಿ ಬಂದ.

"ಮಾವ, ಇದು ದಿನಾ ಎಷ್ಟೊತ್ತಿಗೆ?"

ಏಳೂವರೆಗೆ ಅಂದೆ.

"ನಾಳೆ ನಾನ್ ಇರಲ್ಲ, ಬಾಡಿಗೆ ಇದೆ."

"ಕೆಂಪು ಶಾಯಿ ಬೀಳುತ್ತೆ."

ಮೂರು ವಾರದ ಮೇಲೆ ಅವನ ಹಲ್ಲು ಕಂಡಿತು. ಆದರೆ ಕಾರ್ಡು ಪ್ರತಿ ತಿಂಗಳೂ ತಾನೇ ನೋಡುತ್ತೇನೆ, ತೂಕದ ದಿನ ತಾನೂ ಬರುತ್ತೇನೆ ಅಂದ. ಬರಲಿ. ಬರಬೇಕಾದ್ದೇ.

ಇನ್ನೂ ಬರೆಯುವುದಿತ್ತು. ಹಿತ್ತಿಲಿಂದ ಕೃತಿಕಾ ಎರಡನೆಯ ಸಲ ಕರೆಯುತ್ತಿದ್ದಾಳೆ.